ಮಡಿಯ ಕಂಪ್ಯೂಟರು

ಮೊನ್ನೆ ಮಧ್ಯಾಹ್ನ ನಮ್ಮ ಆಫೀಸಿನ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಿಂದ ಧೂಳು ಸುಟ್ಟ ವಾಸನೆ ಬಂತು. ಆಫೀಸು ಎಂದೊಡನೆ ಗಾಜಿನ ಗೋಡೆ, ತಂಪು ಗಾಳಿ ಎಂದೆಲ್ಲ ಊಹಿಸಿಕೊಳ್ಳಬೇಡಿ. ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ದಾಲ್ ಮಿಲ್ಲುಗಳಿಗೆ ತೂಕದ ಚೀಟಿ ಹೊಡೆಯುವ ಪ್ರೋಗ್ರಾಮು ಬರೆದುಕೊಡುವುದು ನಮ್ಮ ಉದ್ಯೋಗ. ಕೆಳಗಿನಿಂದ ಗೊಬ್ಬರದ ವಾಸನೆ, ಕಿಟಕಿಯಿಂದ ಬಸ್ಸಿನ ಹೊಗೆ. ಇವಕ್ಕೆಲ್ಲ ನನ್ನ ಮೂಗು ಒಗ್ಗಿ ವರ್ಷಗಳಾದವು. ಆದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಧೂಳು ಬಿಸಿಯಾಗಿ ಸುಡುವ ವಾಸನೆ ಬಂದರೆ ಮಾತ್ರ ನಾನು ಆಫೀಸಿನಲ್ಲಿ ಇರುವುದಿಲ್ಲ. ಕುಲಕರ್ಣಿ ಸರ್ ಮನೆಯ ಪಡಸಾಲೆಯಲ್ಲಿ, ಒಳಕೋಣೆಯ ಹೊಸ್ತಿಲ ಹೊರಗೆ ನಿಂತಿರುತ್ತೇನೆ. ಅಲ್ಲಿ ಆ ವಾಸನೆಯ ಜೊತೆಗೆ ಊದಿನಕಡ್ಡಿಯ ಘಮವೂ ಇರುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ರೇಣುಕಾ ನನ್ನ ಟೇಬಲ್ಲಿನ ಮುಂದೆ ನಿಂತಿದ್ದಳು. ಯಂಕಂಚಿಯ ಹುಡುಗಿ, ಈ ಸುಗ್ಗಿಗೆ ನಮ್ಮಲ್ಲಿ ಕೆಲಸಕ್ಕೆ ಸೇರಿದವಳು. ಆಕೆ ಒಂದು ಪ್ರಶ್ನೆ ಕೇಳಿದ್ದಳು. ಉತ್ತರ ಹೇಳುವ ಬದಲು ನಾನು ಕಿಟಕಿ ತೆರೆಯಲು ಹೇಳಿದೆ. ಪ್ರಶ್ನೆ ಏನಿತ್ತೆಂದು ಆಮೇಲೆ ಹೇಳುತ್ತೇನೆ. ಮೊದಲು ಕುಲಕರ್ಣಿ ಸರ್ ಬರಲಿ.

ಸರ್ ಪುಣೆಯಲ್ಲಿ ಬಹಳ ವರ್ಷ ಪ್ರೋಗ್ರಾಮರ್ ಆಗಿದ್ದು, ಸಾಕೆನಿಸಿ ಸಿಂದಗಿಯ ತಮ್ಮ ಹಳೆಯ ವಾಡೆಮನೆಗೆ ಮರಳಿದವರು. ಸುಮ್ಮನೆ ಕೂಡುವ ಜಾಯಮಾನ ಅವರದಲ್ಲ. ಪಡಸಾಲೆಯಲ್ಲಿ ಒಂದು ಕ್ಲಾಸು ತೆಗೆದರು. ಹೊರಗಿನ ಬೋರ್ಡಿನ ಮೇಲೆ ‘ಪ್ರಾಕ್ಟಿಕಲ್’ ಎಂದಷ್ಟೇ ಬರೆಸಿದ್ದರು. ಕಪ್ಪೆ ಕೊಯ್ಯುವುದನ್ನು ಕಲಿಸುತ್ತಾರೆಂದು ತಿಳಿದು ಬಂದವರೂ ಇದ್ದರು. ಅವರನ್ನೂ ಸರ್ ವಾಪಸು ಕಳಿಸಲಿಲ್ಲ, ಕೂಡಿಸಿ ಕೀಬೋರ್ಡು ಕೊಟ್ಟರು.

ನಾನು ಹೋದದ್ದು ಡಿಗ್ರಿ ಮುಗಿಸಿದ ಮೇಲೆ. ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಇದ್ದವು, ಚೆನ್ನಾಗಿಯೇ ಇದ್ದವು, ಬೀಗ ಹಾಕಿ ಇಟ್ಟಿದ್ದರು. ನಾವು ಕೆಡಿಸುತ್ತೇವೆಂಬ ಭಯ. ಪ್ರೋಗ್ರಾಮನ್ನು ಹಾಳೆಯ ಮೇಲೆ ಬರೆದು, ಅದನ್ನು ಓಡಿಸಿದ್ದರೆ ಏನು ಬರುತ್ತಿತ್ತೋ ಅದನ್ನೂ ನಾವೇ ಯೋಚಿಸಿ ಕೆಳಗೆ ಬರೆಯುತ್ತಿದ್ದೆವು. ಹಾಗಾಗಿ ನನ್ನ ಪ್ರೋಗ್ರಾಮು ಎಂದೂ ತಪ್ಪಿದ್ದೇ ಇಲ್ಲ. ಅಷ್ಟು ಆತ್ಮವಿಶ್ವಾಸ ಆಮೇಲೆ ನನಗೆ ಜೀವಮಾನದಲ್ಲಿ ಬಂದಿಲ್ಲ.

“ಏನ್ ಬರ್ತದ ನಿನಗ?” ಎಂದು ಸರ್ ಮೊದಲ ದಿನ ಕೇಳಿದರು.

“ಸಿ ಬರ್ತೈತ್ರಿ ಸರ್.”

“ಎಲ್ಲಿ ಬರ್ತದ?”

“ಪೇಪರ್‌ನ್ಯಾಗ ಬರ್ತೈತ್ರಿ.”

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಪೇಪರ್‌ನ್ಯಾಗ ನಾನೂ ಈಸತೀನಿ. ಕುಂಡ್ರು ಇಲ್ಲೆ, ಬಾವ್ಯಾಗ ಬೀಳು.”

ಬಿದ್ದೆ. ಸಾಕಷ್ಟು ನೀರೂ ಕುಡಿದೆ. ಕರಿ ಪರದೆಯ ಮೇಲೆ ಅಕ್ಷರ ಹೊಡೆದು ಕೆಲಸ ಮಾಡಿಸುವುದು, ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಅದರ ಹೊಟ್ಟೆಯಲ್ಲಿ ಏನಿದೆಯೆಂದು ಇಣುಕುವುದು, ಯಂತ್ರ ಕೊಡುವ ತಪ್ಪಿನ ಸಂದೇಶವನ್ನು ಮೊದಲ ಸಾಲಿನಿಂದ ಓದುವುದು, ಇವನ್ನೆಲ್ಲ ಸರ್ ಕಲಿಸಿದರು. ನಾನು ಕೆಂಪು ಅಕ್ಷರ ಕಂಡ ಕೂಡಲೇ ಕಣ್ಣು ತುಂಬಿಕೊಳ್ಳುತ್ತಿದ್ದೆ. “ಬೈಗಳ ಪೂರ್ತಿ ಕೇಳು, ಆಮ್ಯಾಲೆ ಅಳು” ಎನ್ನುತ್ತಿದ್ದರು. ಪೂರ್ತಿ ಕೇಳಿದ ಮೇಲೆ ಬಹಳ ಸಲ ಅಳುವ ಕಾರಣವೇ ಉಳಿಯುತ್ತಿರಲಿಲ್ಲ. ಈ ಒಂದು ವಿದ್ಯೆ ನನಗೆ ಕಂಪ್ಯೂಟರಿಗಿಂತ ಹೆಚ್ಚು ನೆಂಟರ ಮನೆಗಳಲ್ಲಿ ಉಪಯೋಗಕ್ಕೆ ಬಂದಿದೆ.

ಗಿಟ್ ಕಲಿಸಿದವರೂ ಅವರೇ. ನಾವು ಬರೆದದ್ದರ ಪ್ರತಿ ಹಂತವನ್ನೂ ಕಾದಿಟ್ಟು, ಕೆಟ್ಟಾಗ ಹಿಂದಿನ ಹಂತಕ್ಕೆ ಕರೆದೊಯ್ಯುವ ಸಲಕರಣೆ ಅದು. ಪ್ರತಿ ಹಂತಕ್ಕೂ ಒಂದು ಸಾಲು ಬರೆಯಬೇಕು. “ಏನ್ ಮಾಡಿದಿ ಅಂತ ಬರೀಬ್ಯಾಡ, ಅದು ನನಗ ಕಾಣಸ್ತದ. ಯಾಕ ಮಾಡಿದಿ ಅದನ್ನ ಬರಿ” ಎಂದು ಸರ್ ಹೇಳಿಕೊಟ್ಟಿದ್ದರು. ನಾನು ಪ್ರಾಮಾಣಿಕವಾಗಿ ‘ಸರ್ ಬೈದರು, ಅದಕ್ಕೆ’ ಎಂದು ಬರೆದೆ. ಮರುದಿನ ಮತ್ತೆ ಬೈದರು. ಅದಕ್ಕೂ ಒಂದು ಸಾಲು ಬಿತ್ತು.

ನಮ್ಮದು ಕನ್ನೊಳ್ಳಿ. ಕುರಿ ಸಾಕುವ ಮಂದಿ ನಾವು. ಇಲ್ಲಿ ನನ್ನ ಅಪ್ಪ ಕುರಿ ಹಿಂಡಿನ ಉದಾಹರಣೆ ಕೊಟ್ಟು ನನಗೆ ಗಿಟ್ಟಿನ ಮರ್ಮ ತಿಳಿಸಿದ ಎಂದು ಬರೆದಿದ್ದರೆ ಈ ಪ್ರಬಂಧಕ್ಕೆ ಕಳೆ ಬರುತ್ತಿತ್ತು. ಏನು ಮಾಡಲಿ, ಅಪ್ಪನಿಗೆ ನಾನು ಕಲಿಯುವುದು ಟೈಪಿಂಗ್ ಎಂದೇ ಕೊನೆಯವರೆಗೂ ನಂಬಿಕೆ. “ನಮ್ಮ ಹುಡುಗಿ ಬೆರಳ ನೋಡದ ಟೈಪ್ ಮಾಡ್ತಾಳ” ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದೂ ಸುಳ್ಳೇ. ನಾನು ಈಗಲೂ ಬೆರಳು ನೋಡಿಯೇ ಹೊಡೆಯುವುದು.

ಈಗ ಆ ಮನೆಯ ಕಂಪ್ಯೂಟರುಗಳ ವಿಷಯಕ್ಕೆ ಬರೋಣ. ಪಡಸಾಲೆಯಲ್ಲಿ ಇದ್ದದ್ದು ‘ಹೊರಗಿನದು’. ಅದನ್ನು ನಾವೆಲ್ಲ ಮುಟ್ಟಬಹುದು, ಕೆಡಿಸಬಹುದು, ಪೆನ್‌ಡ್ರೈವ್ ಚುಚ್ಚಬಹುದು. ಅದರ ಕೀಬೋರ್ಡಿನ ಮೇಲೆ ಅಕ್ಷರಗಳೇ ಅಳಿಸಿಹೋಗಿದ್ದವು. ಹೊಸ್ತಿಲ ಆಚೆ, ದೇವರಕೋಣೆಯ ಪಕ್ಕದ ಕೋಣೆಯಲ್ಲಿ ಇದ್ದದ್ದು ‘ಒಳಗಿನದು’. ಮಿಲ್ಲುಗಳಿಗೆ ಕೊಡುವ ನಿಜವಾದ ಪ್ರೋಗ್ರಾಮು ಅದರಲ್ಲಿ ಮಾತ್ರ ಸಿದ್ಧವಾಗುತ್ತಿತ್ತು. ಅದರ ಮೇಲೆ ಕಾಕುವಿನ ಹಳೆಯ ರೇಷ್ಮೆ ಸೀರೆಯ ತುಂಡೊಂದನ್ನು ಹೊದಿಸಿರುತ್ತಿದ್ದರು. ಕಾಕು ಎಂದರೆ ಸರ್ ಹೆಂಡತಿ. ಸರ್ ಸ್ನಾನ ಮಾಡಿ, ಊದಿನಕಡ್ಡಿ ಹಚ್ಚಿ, ರೇಷ್ಮೆ ಸರಿಸಿ ಅದರ ಮುಂದೆ ಕೂಡುತ್ತಿದ್ದರು. ಹೊರಗಿನ ಯಾವ ಪೆನ್‌ಡ್ರೈವೂ ಅದಕ್ಕೆ ತಾಗುವಂತಿರಲಿಲ್ಲ. ಹೊರಗಿನವರ ಕೈಯೂ ತಾಗುವಂತಿರಲಿಲ್ಲ.

ತಮಾಷೆಯೆಂದರೆ ಸರ್ ತಮ್ಮನ್ನು ತಾವು ಬಹಳ ಸುಧಾರಿಸಿದವರೆಂದು ತಿಳಿದಿದ್ದರು. ಕಾಕು ಒದ್ದೆ ಸೀರೆಯಲ್ಲಿ ಅಡುಗೆಮನೆ ಸೇರಿದರೆ, “ನೋಡ್ರಿ, ಜಗತ್ತು ಎಲ್ಲಿಗೆ ಹೋಗ್ಯದ, ಈಕಿ ಇನ್ನೂ ಮಡಿ ಅಂತ ಕೂತಾಳ” ಎಂದು ನಮ್ಮೆದುರು ನಗುತ್ತಿದ್ದರು. ನಕ್ಕು, ಎದ್ದು, ಕೈತೊಳೆದು ಒಳಗಿನ ಕಂಪ್ಯೂಟರಿಗೆ ಹೋಗುತ್ತಿದ್ದರು. ಆಗ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಜೋರಾಗಿ ಬೀಳುತ್ತಿತ್ತು.

ಹಾಗಾದರೆ ನಾವು ಹೊರಗೆ ಬರೆದದ್ದು ಒಳಗೆ ಹೋಗುತ್ತಿದ್ದುದು ಹೇಗೆ? ಬಾಯಿಯಿಂದ. ನಗಬೇಡಿ. ಹೊರಗಿನ ಕಂಪ್ಯೂಟರಿನ ಮುಖವನ್ನು ಒಳಕೋಣೆಯ ಬಾಗಿಲ ಕಡೆ ತಿರುಗಿಸಿ, ನಾನು ಹೊಸ್ತಿಲ ಹೊರಗೆ ನಿಂತು ಗಟ್ಟಿಯಾಗಿ ಓದಬೇಕು, ಸರ್ ಒಳಗೆ ಕೂತು ಟೈಪ್ ಮಾಡಬೇಕು. “ಫಾರ್, ಬ್ರಾಕೆಟ್ ಓಪನ್, ಐ ಈಕ್ವಲ್ ಟು ಝೀರೋ, ಸೆಮಿಕೋಲನ್...” ಸುರುಳಿ ಬ್ರಾಕೆಟ್ಟಿಗೆ ನಾವು ‘ಮೀಸಿ’ ಎಂದು ಹೆಸರಿಟ್ಟಿದ್ದೆವು. “ಮೀಸಿ ಓಪನ್, ಮೀಸಿ ಕ್ಲೋಸ್” ಎಂದು ನಾನು ಕೂಗುತ್ತಿದ್ದರೆ ಓಣಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು, ತಮ್ಮ ಮೀಸೆ ಸವರಿಕೊಂಡು ಮುಂದೆ ಹೋಗುತ್ತಿದ್ದರು. ಎಷ್ಟೋ ದಿನ ಕೇಳಿ ಕೇಳಿ ಕಾಕುವಿಗೂ ಆ ಲಯ ಅಭ್ಯಾಸವಾಗಿತ್ತು. ನಾನು ಅವಸರ ಮಾಡಿದರೆ ಅಡುಗೆಮನೆಯಿಂದ “ಏ ಹುಡಗಿ, ಸೆಮಿಕೋಲನ್ ನುಂಗಿದಿ ನೋಡು” ಎಂದು ದನಿ ಬರುತ್ತಿತ್ತು.

ನಾನು ಈಗ ಒಪ್ಪಿಕೊಳ್ಳಲೇಬೇಕು, ಆ ಪದ್ಧತಿಯಿಂದ ನಾನು ಕಲಿತಷ್ಟು ಬೇರೆ ಯಾವುದರಿಂದಲೂ ಕಲಿಯಲಿಲ್ಲ. ಕಣ್ಣಿಗೆ ಸರಿ ಕಂಡದ್ದು ನಾಲಗೆಗೆ ಬಂದಾಗ ಎಡವುತ್ತಿತ್ತು. ಎಡವಿದಲ್ಲೇ ತಪ್ಪು ಸಿಗುತ್ತಿತ್ತು. ಸರ್ ಒಳಗೆ ತಿದ್ದಿದ್ದನ್ನು ನಾನು ಕೂಡಲೇ ಹೊರಗಿನದರಲ್ಲೂ ತಿದ್ದಿ ಗಿಟ್ಟಿಗೆ ಸೇರಿಸುತ್ತಿದ್ದೆ. ಒಳಗಿನದಕ್ಕೆ ಮಾತ್ರ ಸರ್ ಗಿಟ್ ಹಾಕಿರಲಿಲ್ಲ. ಕೇಳಿದರೆ, “ಅಲ್ಲಿ ತಪ್ಪೇ ಹೋಗೂದಿಲ್ಲ ಅಂದ ಮ್ಯಾಲೆ ಹಿಂದಕ್ಕ ಹೋಗೂದು ಯಾಕ?” ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಸರ್ ಅಣ್ಣನ ಮಗ ಪ್ರಲ್ಹಾದ ನಮ್ಮ ಜೊತೆಗೇ ಕಲಿಯುತ್ತಿದ್ದ. ಒಳ್ಳೆಯ ಹುಡುಗ, ಕಪಟವಿಲ್ಲದವನು. ಪ್ರೋಗ್ರಾಮಿಂಗೂ ಇಲ್ಲದವನು. ಅವನು ಸಲೀಸಾಗಿ ಹೊಸ್ತಿಲು ದಾಟಿ ಒಳಗಿನ ಕಂಪ್ಯೂಟರಿನಲ್ಲಿ ಕ್ರಿಕೆಟ್ ಆಟ ಆಡುತ್ತಿದ್ದ. ಒಳಗೆ ಕೂಡುವವರೇ ಮುಂದೆ ಮಿಲ್ಲುಗಳ ಕೆಲಸ ನೋಡಿಕೊಳ್ಳುವವರು ಎಂದು ಸರ್ ಹೇಳಿದ್ದರು. ಆ ಕೆಲಸ ನನಗೆ ಬೇಕಿತ್ತು, ಬಹಳ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ವಿಷಯ ಗೊತ್ತಾಗಬೇಕಿತ್ತು: ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ್ದು ವೈರಸ್ಸಿನ ಭಯವೋ, ಬೇರೆಯದೋ? ನಮ್ಮ ಅಜ್ಜಿ ಅದೇ ವಾಡೆಯ ಹಿತ್ತಲಿಗೆ ಉಣ್ಣೆಯ ಕಂಬಳಿ ಮಾರಲು ಬರುತ್ತಿದ್ದಳಂತೆ. ಬಾಯಾರಿದರೆ ಬೊಗಸೆ ಒಡ್ಡಬೇಕು, ಮೇಲಿನಿಂದ ನೀರು ಹೊಯ್ಯುತ್ತಿದ್ದರು. ನಾನು ಓದುವುದು, ಸರ್ ಮುಟ್ಟದೆ ಪಡೆದುಕೊಳ್ಳುವುದು. ನನಗೆ ಕೆಲವು ದಿನ ಗಂಟಲು ಒಣಗುತ್ತಿತ್ತು, ಓದಿದ್ದಕ್ಕೆ ಮಾತ್ರ ಅಲ್ಲ.

ಕೇಳಬಹುದಿತ್ತು. ಆದರೆ ನೀವೇ ಹೇಳಿ, ಅಷ್ಟು ಅಕ್ಕರೆಯಿಂದ ವಿದ್ಯೆ ಕೊಡುವವರನ್ನು ಅದನ್ನು ಕೇಳುವುದು ಹೇಗೆ?

ತೊಗರಿ ಸುಗ್ಗಿ ಹತ್ತಿರ ಬಂತು. ಮಿಲ್ಲಿನ ಸಾವ್ಕಾರರಿಗೆ ಪ್ರೋಗ್ರಾಮಿನಲ್ಲಿ ಒಂದು ಬದಲಾವಣೆ ಬೇಕಿತ್ತು: ಕಾಳು ಎಷ್ಟು ಹಸಿಯಿದೆಯೆಂದು ನೋಡಿ ತೂಕ ಕಡಿಮೆ ಹಿಡಿಯುವ ಲೆಕ್ಕ ತಾನಾಗಿಯೇ ಆಗಬೇಕು. ಹೊರಗೆ ನಾನು ಬರೆದು ಮುಗಿಸಿದ್ದೆ. ಓದಿ ಒಳಗೆ ಸೇರಿಸಬೇಕೆಂದು ಬೆಳಿಗ್ಗೆ ಹೋದರೆ, ಸರ್ ರೇಷ್ಮೆ ಕೈಯಲ್ಲಿ ಹಿಡಿದು ನಿಂತಿದ್ದರು. ಒಳಗಿನ ಕಂಪ್ಯೂಟರಿನಲ್ಲಿ ಫೈಲುಗಳ ಹೆಸರೆಲ್ಲ ವಿಚಿತ್ರವಾಗಿ ಬದಲಾಗಿದ್ದವು, ತೆರೆದರೆ ಒಳಗೆ ಏನೂ ಇರಲಿಲ್ಲ. ವೈರಸ್ಸು ಎಲ್ಲವನ್ನೂ ತಿಂದಿತ್ತು.

ಸರ್ ಮುಖ ಬಿಳುಪೇರಿತ್ತು. ಅವರು ಪಡಸಾಲೆಯ ಕಡೆ, ನಮ್ಮ ಕಡೆ ತಿರುಗಿದರು.

“ಹೊರಗಿನವ್ರು ಯಾರರ ಒಳಗ ಬಂದಿದ್ರೇನು?”

ನಮ್ಮ ಕಡೆ ಎಂದೆ. ಅವತ್ತು ಪಡಸಾಲೆಯಲ್ಲಿ ನಾನೊಬ್ಬಳೇ ಇದ್ದೆ.

ನಾನು ಬಾಯಿ ತೆರೆಯುವ ಮೊದಲೇ ಒಳಕೋಣೆಯಲ್ಲಿ ನಿಂತಿದ್ದ ಪ್ರಲ್ಹಾದ ಹೇಳಿದ: “ಕಾಕಾ, ನಿನ್ನೆ ಸಂಜಿಕ ನೀವ ಪೆನ್‌ಡ್ರೈವ್ ಹಾಕಿದ್ರಲ್ಲಾ. ವಿಜಾಪುರದಿಂದ ಮಾಮಾ ಕಳಿಸಿದ್ದು. ಕಾಕೂಗ ಭಜನಿ ಹಾಕ್ಲಿಕ್ಕೆ.”

ಸರ್ ಅವನನ್ನು ನೋಡಿದರು. ರೇಷ್ಮೆಯನ್ನು ನೋಡಿದರು. ಆಮೇಲೆ ಅಂದರು: “ಅದರಾಗ ದೇವರ ಹಾಡು ಇದ್ವೋ.”

ಪುಣೆಯಲ್ಲಿ ಅಷ್ಟು ವರ್ಷ ಕಂಪ್ಯೂಟರು ಆಳಿದ ಮನುಷ್ಯ. ದೇವರ ಹಾಡಿರುವ ಪೆನ್‌ಡ್ರೈವಿಗೆ ಮೈಲಿಗೆ ತಾಗಲಾರದೆಂದು ನಿಶ್ಚಿಂತೆಯಿಂದ ಚುಚ್ಚಿದ್ದರು. ಅಡುಗೆಮನೆಯಲ್ಲಿ ಸೌಟು ನಿಂತಿತು. ಕಾಕು ಬಾಗಿಲಿಗೆ ಬಂದು, “ನನ್ನ ಮಡಿಗೆ ನಗತಿದ್ರಿ. ನಾ ಯಾರಿಂದ ಏನ್ ಬಂದ್ರೂ ಮೊದಲ ತೊಳೀತೀನ್ರಿ, ದೇವರ ಪಾತ್ರಿ ಇದ್ರೂ ತೊಳೀತೀನಿ” ಎಂದರು. ಹೇಳಿ ಒಳಗೆ ಹೋದರು.

ನನಗೆ ನಗು ಬಂತೆಂದು ಹೇಳಿದರೆ ನಂಬಬೇಡಿ. ಒಂದು ಗಳಿಗೆ ಮೊದಲು ನನ್ನ ಮೇಲೆ ಬಿದ್ದ ಆ ನೋಟ ಇನ್ನೂ ಮೈಮೇಲೆ ಉರಿಯುತ್ತಿತ್ತು. ಎದ್ದು ಕನ್ನೊಳ್ಳಿ ಬಸ್ಸು ಹಿಡಿಯಬೇಕೆನಿಸಿತ್ತು. ಆದರೆ ಬರೆದದ್ದು ನನ್ನದು, ಹೋಗಿದ್ದು ನನ್ನದು. ಒಳಗೆ ಅಳಿದದ್ದೆಲ್ಲ ಹೊರಗಿನ ಕಂಪ್ಯೂಟರಿನಲ್ಲಿ, ಪ್ರತಿ ಹಂತಕ್ಕೂ ಒಂದು ಸಾಲಿನೊಡನೆ, ‘ಸರ್ ಬೈದರು, ಅದಕ್ಕೆ’ ಎಂಬುದೂ ಸೇರಿ, ಕ್ಷೇಮವಾಗಿತ್ತು. ಊರಿನ ಪೆನ್‌ಡ್ರೈವುಗಳನ್ನೆಲ್ಲ ಉಂಡ ಆ ಯಂತ್ರವನ್ನು ಇದೇ ಕಾರಣಕ್ಕೆ ನಾವು ದಿನಾ ಪರೀಕ್ಷಿಸಿ ಸ್ವಚ್ಛ ಮಾಡುತ್ತಿದ್ದೆವು.

ಒಳಗಿನದನ್ನು ಪೂರ್ತಿ ಅಳಿಸಿ ಸರ್ ಹೊಸದಾಗಿ ಸಜ್ಜು ಮಾಡಿದರು. ಗಿಟ್ಟನ್ನೂ ಹಾಕಿದರು, ನನ್ನ ಮುಖ ನೋಡದೆ. ಮಧ್ಯಾಹ್ನ ತಿರುಗಿತು. ಮಿಲ್ಲಿನಿಂದ ಫೋನಿನ ಮೇಲೆ ಫೋನು. ಸರ್ ಕುರ್ಚಿಯಲ್ಲಿ ಕೂತು, “ಹೂಂ, ಓದು” ಎಂದರು.

“ಸರ್ರ, ಎಲ್ಲಾ ಓದ್ಕೊಂತ ಕುಂತ್ರ ಸುಗ್ಗಿ ಮುಗಿತೈತ್ರಿ. ಒಂದು ವೈರ್ ಹಾಕೂನು.”

ಎರಡು ಕಂಪ್ಯೂಟರಿಗೂ ನಡುವೆ ಒಂದು ನೀಲಿ ವೈರು ಹಾಕಿದೆವು. ಅದು ಹೊಸ್ತಿಲು ದಾಟುವಾಗ ನಾವು ಮೂವರೂ ಅದನ್ನೇ ನೋಡಿದೆವು. ಮುಂದಿನ ಕೆಲಸ ಒಳಗೆ ಕೂತು ಮಾಡಬೇಕು. ಪ್ರಲ್ಹಾದ ಕೂತ, ಯಾವ ಆಜ್ಞೆ ಹೊಡೆಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಸರ್ ಕೂತರು, ಹೊಡೆದದ್ದನ್ನೇ ಎರಡು ಸಲ ಅಳಿಸಿದರು. ಕೊನೆಗೆ ಎದ್ದು, ಕುರ್ಚಿ ಹಿಂದೆ ಸರಿಸಿ, ಗೋಡೆಯ ಕಡೆ ನೋಡುತ್ತ ಅಂದರು, “ಬಾ. ಒಳಗ ಬಾ.”

ಹೋದೆ. ಒಳಗಿನ ಕೀಬೋರ್ಡಿನ ಅಕ್ಷರಗಳು ಎಷ್ಟು ನಿಚ್ಚಳವಾಗಿದ್ದವೆಂದರೆ ನನಗೆ ಹುಡುಕುವ ಕಷ್ಟವೇ ಆಗಲಿಲ್ಲ. ಒಂದು ಸಾಲು ಹೊಡೆದೆ. ನಾನು ತಿಂಗಳುಗಟ್ಟಲೆ ಕೂಗಿ ಕೂಗಿ ದಾಟಿಸಿದ್ದೆಲ್ಲ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊಸ್ತಿಲು ದಾಟಿ ಬಂತು. ಸಂಜೆಯ ಹೊತ್ತಿಗೆ ಮಿಲ್ಲಿನಲ್ಲಿ ಹೊಸ ಪ್ರೋಗ್ರಾಮು ಓಡುತ್ತಿತ್ತು. “ಭೇಷ್” ಎಂದರು ಸರ್. ಅವರ ಬಾಯಿಯಿಂದ ಆ ಮಾತು ಕೇಳಿದ್ದು ಅದೇ ಮೊದಲು, ನನಗೆ ನೆಲದ ಮೇಲೆ ಕಾಲಿರಲಿಲ್ಲ.

ಮರುದಿನ ಬೆಳಿಗ್ಗೆ ವಾಡೆಯ ಅಂಗಳಕ್ಕೆ ಕಾಲಿಟ್ಟರೆ, ಹಗ್ಗದ ಮೇಲೆ ಆ ರೇಷ್ಮೆಯ ತುಂಡು ಒಣಗುತ್ತಿತ್ತು. ಒಗೆದು ಹಾಕಿದ್ದರು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ವೈರಸ್ಸು ಬಂದದ್ದಕ್ಕೆ ಒಗೆದರೋ, ನಾನು ಬಂದದ್ದಕ್ಕೋ? ಸರ್ ಒಳಗಿನಿಂದಲೇ, “ಬಾ, ಕುಂಡ್ರು. ಇವತ್ತಿಂದ ಮಿಲ್ಲಿನ ಕೆಲಸ ನೀನ ನೋಡು” ಎಂದರು. ನಾನು ಕೂತೆ. ಬೇಕಾಗಿದ್ದ ಕೆಲಸ ಸಿಕ್ಕಿತು, ಅದೇ ಕೆಲಸ ಇಂದಿಗೂ ಅನ್ನ ಹಾಕುತ್ತಿದೆ. ಸರ್ ಈಗಲೂ ಇದ್ದಾರೆ, ಬಜಾರದಲ್ಲಿ ಸಿಕ್ಕರೆ ‘ನನ್ನ ಶಿಷ್ಯಳು’ ಎಂದು ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತಾರೆ. ನನಗೂ ಅವರನ್ನು ಕಂಡರೆ ಜೀವ. ಆದರೆ ಆ ರೇಷ್ಮೆಯ ಮಾತು ನಾನು ಕೇಳಿಲ್ಲ. ಕೇಳಿದರೆ ಅವರು ನಿಜ ಹೇಳಿಬಿಟ್ಟಾರೆಂಬ ಭಯ.

ಈಗ ರೇಣುಕಾಳ ಪ್ರಶ್ನೆಗೆ ಬರುತ್ತೇನೆ. ನಮ್ಮ ಆಫೀಸಿನ ಮೂಲೆಯ ಕಂಪ್ಯೂಟರಿನಲ್ಲಿ ಎಲ್ಲರ ಕೆಲಸ ಬಂದು ಸೇರುವ ಒಂದು ಮುಖ್ಯ ಪ್ರತಿ ಇದೆ. ಮಿಲ್ಲುಗಳಿಗೆ ಹೋಗುವುದು ಅದೇ. ಅದಕ್ಕೆ ಯಾರೂ ನೇರವಾಗಿ ಏನನ್ನೂ ಸೇರಿಸುವಂತಿಲ್ಲ. ನಾನು ಓದಿ ಒಪ್ಪಬೇಕು. ಇದು ಇಡೀ ಜಗತ್ತಿನಲ್ಲಿ ನಡೆಯುವ ಪದ್ಧತಿ, ನನ್ನ ಸ್ವಂತ ಆವಿಷ್ಕಾರವಲ್ಲ, ಊದಿನಕಡ್ಡಿಯನ್ನೂ ಹಚ್ಚುವುದಿಲ್ಲ. ಅವತ್ತು ರೇಣುಕಾ ತಿಳಿಯದೆ ನೇರವಾಗಿ ಕಳಿಸಲು ಹೋಗಿ, ಅನುಮತಿ ಇಲ್ಲವೆಂದು ಪರದೆ ಹೇಳಿತ್ತು. ನನ್ನ ಹತ್ತಿರ ಬಂದಳು. ನಾನು ನಿಯಮ ವಿವರಿಸಿದೆ. ಆಕೆ ತಲೆಯಾಡಿಸಿ, ಸುಮ್ಮನೆ ಹೋಗುವ ಬದಲು ಕೇಳಿದಳು:

“ನಂದು ನೀವು ನೋಡ್ತೀರಿ, ಹೌದ್ರಿ. ನಿಮ್ದು ಯಾರು ನೋಡ್ತಾರ್ರಿ ಅಕ್ಕಾರ?”

ಆಗಲೇ ಆ ವಾಸನೆ ಬಂದದ್ದು, ನಾನು ಕಿಟಕಿ ತೆರೆಯಲು ಹೇಳಿದ್ದು.

ಆಕೆ ಕಿಟಕಿ ತೆರೆದಳು, ಮತ್ತೆ ಬಂದು ನಿಂತಳು. ಬಿಡುವ ಹುಡುಗಿಯಲ್ಲ. ನಾನು ಸ್ವಲ್ಪ ಬಿಗುವಿನಿಂದಲೇ, “ನಂದು ನೋಡೂದೇನೈತಿ?” ಎಂದೆ. ಅಂದ ಮಾತು ಇನ್ನೂ ಬಾಯಲ್ಲಿರುವಾಗಲೇ ಅದರ ಹಿಂದೆ ಸರ್ ಅವರ ಅವತ್ತಿನ ದನಿ ಕೇಳಿತು: ಅದರಾಗ ದೇವರ ಹಾಡು ಇದ್ವೋ.

ರೇಣುಕಾ ಕಾಯುತ್ತಿದ್ದಳು. ಆಕೆಯ ಮುಖದಲ್ಲಿ ಅಂಜಿಕೆಯಿತ್ತು, ಆದರೂ ಕಣ್ಣು ಕೆಳಗಿಳಿಸಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ನಾನು ನುಂಗಿದ್ದನ್ನು ಈಕೆ ಸೇರಿದ ಮೊದಲ ಸುಗ್ಗಿಯಲ್ಲೇ ಕೇಳಿಬಿಟ್ಟಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಮೂಲೆಯ ಕಂಪ್ಯೂಟರಿನ ಮುಂದೆ ಕೂತು ನಿಯಮದ ಪಟ್ಟಿ ತೆರೆದೆ. ಎಲ್ಲರಿಗೂ ತಡೆ ಇತ್ತು, ನನ್ನೊಬ್ಬಳ ಹೆಸರಿಗೆ ವಿನಾಯಿತಿ. ಅಳಿಸಿದೆ. ಆಮೇಲೆ ಅವತ್ತು ಬೆಳಿಗ್ಗೆ ನಾನೇ ಬರೆದಿದ್ದ, ಬಾಗೇವಾಡಿ ಮಿಲ್ಲಿಗೆ ಸಂಜೆ ಹೋಗಬೇಕಾಗಿದ್ದ ಕೆಲಸವನ್ನು ಮುಖ್ಯ ಪ್ರತಿಗೆ ಕಳಿಸಿದೆ. ಅನುಮತಿ ಇಲ್ಲವೆಂದು ಪರದೆ ನನಗೂ ಹೇಳಿತು. ನಾನೇ ಹಾಕಿದ ತಡೆ, ನಾನೇ ಕೇಳಿ ಪಡೆದ ಉತ್ತರ, ಆದರೂ ಮುಖಕ್ಕೆ ಬಾಗಿಲು ಹಾಕಿದಂತೆ ಅನಿಸಿತು. ಹೀಗಿರುತ್ತದೆ ಎಂಬುದು ಇಷ್ಟು ವರ್ಷದಲ್ಲಿ ನನಗೆ ಮರೆತೇ ಹೋಗಿತ್ತು.

ಎದ್ದು ನನ್ನ ಕುರ್ಚಿ ಹಿಂದೆ ಸರಿಸಿದೆ. ಗೋಡೆಯ ಕಡೆ ನೋಡಲಿಲ್ಲ, ಆಕೆಯನ್ನೇ ನೋಡಿದೆ.

“ಬಾ ರೇಣುಕಾ, ಇಲ್ಲಿ ಕುಂಡ್ರು. ಇನ್ನ ಮ್ಯಾಲೆ ನಂದು ನೀ ನೋಡು. ನಾ ಓದ್ತೇನಿ, ನೀ ತಪ್ಪು ಹಿಡಿ.”

ಆಕೆ ಕುರ್ಚಿಯ ಅಂಚಿನಲ್ಲಿ ಕೂತಳು. ನಾನು ಪಕ್ಕದಲ್ಲಿ ನಿಂತು, ಹಳೆಯ ಅಭ್ಯಾಸದಂತೆ ಗಟ್ಟಿಯಾಗಿ ಓದತೊಡಗಿದೆ. ಆಫೀಸಿನ ಉಳಿದಿಬ್ಬರು ಹುಡುಗರು ತಲೆ ಎತ್ತಿ ನೋಡಿದರು. ಹಸಿ ಕಾಳಿನ ಲೆಕ್ಕ ಬರುವ ಕಡೆ ದನಿ ತುಸು ಓಡಿತು. ಎಷ್ಟೋ ವರ್ಷದಿಂದ ಬರೆಯುತ್ತ ಬಂದ ಲೆಕ್ಕ, ಓದುವುದೇನಿದೆ ಎಂಬ ಧಿಮಾಕು.

“ತಡೀರಿ ಅಕ್ಕಾರ,” ಎಂದಳು ರೇಣುಕಾ, ಪರದೆಗೆ ಬೆರಳು ಮುಟ್ಟಿಸಿ. “ಈ ಸಾಲು ಇನ್ನೊಮ್ಮೆ ಓದ್ರಿ.”

ಓದಿದೆ. ತಪ್ಪು ಅಲ್ಲೇ ಇತ್ತು.